ತಣ್ಣಗಿರುವವರೆಲ್ಲ ಒಳ್ಳೆಯವರಲ್ಲ

ಹಿಸ್ಸೆ ಪಂಚಾಯ್ತಿಕೆಯಲ್ಲಿ ಎಲ್ಲರಿಗಿಂತ ತಣ್ಣಗೆ ಕೂತಿರುವವರು ಯಾರು ಎಂದು ಒಮ್ಮೆ ಗಮನಿಸಿ. ಸಿರಸಿ, ಸಿದ್ದಾಪುರದ ಕಡೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಪಾಲಾಗುವ ದಿನ ಜಗುಲಿಯ ಮೇಲೆ ನಾಲ್ಕು ಜನ ಹಿರಿಯರು, ಎದುರಿಗೆ ಅಣ್ಣತಮ್ಮಂದಿರು. ಒಬ್ಬ ದನಿ ಏರಿಸುತ್ತಾನೆ, ಕವಳ ಉಗಿಯುವ ನೆಪದಲ್ಲಿ ಎದ್ದು ಹೋಗುತ್ತಾನೆ, ಮರಳಿ ಬಂದು ಇಪ್ಪತ್ತು ವರ್ಷದ ಹಿಂದಿನ ಮಾತು ಎತ್ತುತ್ತಾನೆ. ಇನ್ನೊಬ್ಬ ಕೂತಲ್ಲಿಂದ ಅಲ್ಲಾಡುವುದಿಲ್ಲ. 'ನಿಂಗ ಹೇಳ್ದಂಗೇ ಆಗ್ಲಿ ಭಾವ' ಎಂದು ನಗುತ್ತಾನೆ. ಸಂಜೆಯ ಹೊತ್ತಿಗೆ ನೀರಿನ ಮೂಲ ಇರುವ ತುಂಡು ಆ ಎರಡನೆಯವನ ಪಾಲಿಗೆ ಬಂದಿರುತ್ತದೆ. ಊರವರ ತೀರ್ಪು ಮಾತ್ರ ಹೀಗೆ: ದೊಡ್ಡವ ಸಿಡುಕ, ಸಣ್ಣವ ಒಳ್ಳೆಯವ.

ಈ ತೀರ್ಪಿನಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿಬಿಟ್ಟಿವೆ. ಭಾವನೆಯನ್ನು ಹತೋಟಿಯಲ್ಲಿಡುವುದು ಒಂದು ಪಳಗಿದ ಕೈಯ ಕೆಲಸ. ನ್ಯಾಯವಾಗಿ ನಡೆದುಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದು ಎರಡನೆಯದಕ್ಕೆ ಬಹಳ ನೆರವಾಗುತ್ತದೆ, ಆದರೆ ಅದರಿಂದ ನ್ಯಾಯ ತಾನಾಗಿ ಹುಟ್ಟುವುದಿಲ್ಲ. ಟೊರೊಂಟೊದ ಸ್ಟೆಫಾನ್ ಕೋಟೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಭಾವನೆಗಳನ್ನು ನಿಭಾಯಿಸುವ ತಿಳಿವಳಿಕೆ ಹೆಚ್ಚಿದ್ದವರಲ್ಲಿ, ಒಳ್ಳೆಯ ಮನುಷ್ಯನಾಗಿರಬೇಕೆಂಬ ಹಂಬಲ ಗಟ್ಟಿಯಾಗಿದ್ದವರು ಸಮೂಹದ ಹಿತಕ್ಕಾಗಿ ಹೆಚ್ಚು ಬಿಟ್ಟುಕೊಟ್ಟರು. ಅದೇ ತಿಳಿವಳಿಕೆಯಿದ್ದು, ಇತರರನ್ನು ಬಳಸಿಕೊಳ್ಳುವ ಸ್ವಭಾವದವರು ಕೆಲಸದ ಜಾಗದಲ್ಲಿ ಸಹೋದ್ಯೋಗಿಗಳಿಗೆ ಹೆಚ್ಚು ಕೆಡುಕು ಮಾಡಿದರು. ತಣ್ಣಗಿನ ತಲೆ ಇಬ್ಬರಿಗೂ ಕೆಲಸಕ್ಕೆ ಬಂತು.

ಹಾಗಾಗಿ 'ಮನಸ್ಸನ್ನು ಶಾಂತವಾಗಿಡುವುದು ಹೇಗೆ' ಎಂಬ ಪ್ರಶ್ನೆಯ ಜೊತೆಗೇ ಇನ್ನೊಂದನ್ನು ಕೇಳಬೇಕಾಗುತ್ತದೆ: ಯಾವ ಭಾವನೆಯನ್ನು ಎಷ್ಟು ಇಳಿಸಬೇಕು, ಯಾವುದನ್ನು ಇಳಿಸಲೇಬಾರದು? ಮನಸ್ಸಿನ ಆರೋಗ್ಯದ ಬಗ್ಗೆ ಬರುವ ಬಹುಪಾಲು ಬರಹಗಳು ಮೊದಲ ಪ್ರಶ್ನೆಗೇ ನಿಂತುಬಿಡುತ್ತವೆ. ಉಸಿರಾಟ ಹೇಳಿಕೊಡುತ್ತವೆ, ನಡಿಗೆ ಹೇಳಿಕೊಡುತ್ತವೆ. ಯಾರದೋ ಹಣ ಇಟ್ಟುಕೊಂಡವನಿಗೂ ಅದೇ ಉಸಿರಾಟ!

ಸ್ಟ್ಯಾನ್‌ಫರ್ಡ್‌ನ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1998ರಲ್ಲಿ ಮಂಡಿಸಿದ ಮಾದರಿ ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಭಾವನೆ ಒಮ್ಮೆಲೇ ಸಿಡಿಯುವುದಿಲ್ಲ, ಹಂತಹಂತವಾಗಿ ಕಟ್ಟಿಕೊಳ್ಳುತ್ತದೆ, ಪ್ರತಿ ಹಂತದಲ್ಲೂ ಕೈ ಹಾಕಲು ಜಾಗವಿದೆ ಎನ್ನುವುದು ಅದರ ಸಾರ. ಸಂದರ್ಭವನ್ನು ಆರಿಸುವುದು, ಸಂದರ್ಭವನ್ನು ಬದಲಿಸುವುದು, ಗಮನವನ್ನು ತಿರುಗಿಸುವುದು, ಅರ್ಥವನ್ನು ಬದಲಿಸಿ ನೋಡುವುದು, ಕೊನೆಗೆ ಹೊರಬೀಳುವ ಪ್ರತಿಕ್ರಿಯೆಯನ್ನು ಹಿಡಿಯುವುದು. ಒಟ್ಟು ಐದು. ನಮ್ಮ ಕಡೆಯ ಒಂದು ಮಾಮೂಲಿ ಜಗಳದ ಮೇಲೆ ಇದನ್ನು ಇಟ್ಟು ನೋಡೋಣ.

ಏಪ್ರಿಲ್ ಕೊನೆ. ಹಳ್ಳದಲ್ಲಿ ನೀರು ಇಳಿದಿದೆ. ವಾರಕ್ಕೆ ಇಂತಿಷ್ಟು ತಾಸು ಎಂದು ತೋಟದವರ ನಡುವೆ ನೀರಿನ ಪಾಳಿ. ನಿಮ್ಮ ಪಾಳಿಯ ರಾತ್ರಿ ಪಕ್ಕದ ತೋಟದ ಪಂಪು ಓಡಿದೆ. ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯಲ್ಲಿ ಬರೀ ಕೆಸರು.

ಮೊದಲ ಹಂತದಲ್ಲಿ ನಿಮ್ಮ ಕೈಯಲ್ಲಿರುವುದು ಹೊತ್ತು ಮತ್ತು ಜಾಗ. ಆಸರಿಗೆ ಕೂಡ ಕುಡಿಯದೆ, ಕೆಸರು ಕಾಲಿನಲ್ಲೇ ಪಕ್ಕದ ತೋಟದವನ ಅಂಗಳಕ್ಕೆ ಹೋಗುವುದು, ಅದೂ ಅವನ ಮಾವನ ಮನೆಯವರು ಬಂದು ಕೂತಿರುವಾಗ ಹೋಗುವುದು ಬೇಡ. ಸಂಜೆ ಹೋಗಬಹುದು. ಇದು ಹೇಡಿತನವಲ್ಲ. ಆದರೆ ಇಲ್ಲಿಯೇ ಮೊದಲ ಅಪಾಯವೂ ಇದೆ: 'ಆಮೇಲೆ ನೋಡೋಣ' ಎನ್ನುವುದು ವಾರವಾಗಿ, ತಿಂಗಳಾಗಿ, ಮಳೆ ಬಂದು ನೀರಿನ ಪ್ರಶ್ನೆಯೇ ಇಲ್ಲವಾಗಿ, ಸಿಟ್ಟು ಮಾತ್ರ ಉಳಿದುಬಿಡುತ್ತದೆ. ಮುಂದೂಡುವುದಾದರೆ ದಿನ, ಹೊತ್ತು ಗೊತ್ತುಮಾಡಿಕೊಂಡೇ ಮುಂದೂಡಬೇಕು. ದಿನ ಗೊತ್ತಿಲ್ಲದ ಮುಂದೂಡಿಕೆ ತಪ್ಪಿಸಿಕೊಳ್ಳುವುದೇ ಸರಿ. ಆತಂಕದ ಕಾಯಿಲೆ ಬೆಳೆಯುವುದೂ ಹೀಗೆ ತಪ್ಪಿಸಿಕೊಂಡಾಗ ಸಿಗುವ ತತ್ಕ್ಷಣದ ನಿರಾಳದಿಂದಲೇ. ನಿರಾಳವಾದ ಪ್ರತಿ ಸಲವೂ ಮನಸ್ಸು 'ಅಲ್ಲಿ ನಿಜಕ್ಕೂ ಅಪಾಯ ಇತ್ತು' ಎಂದು ಕಲಿಯುತ್ತದೆ.

ಎರಡನೆಯ ಹಂತ, ಅಂದರೆ ಸಂದರ್ಭವನ್ನೇ ಬದಲಿಸುವುದು, ನನ್ನ ದೃಷ್ಟಿಯಲ್ಲಿ ಐದರಲ್ಲಿ ಅತ್ಯಂತ ಹೆಚ್ಚು ನೈತಿಕ ತೂಕವುಳ್ಳದ್ದು. ವಿಚಿತ್ರವೆಂದರೆ ಅದನ್ನು ಯಾರೂ 'ಭಾವನೆಯ ನಿರ್ವಹಣೆ' ಎಂದು ಕರೆಯುವುದೇ ಇಲ್ಲ. ಪಂಪ್‌ಹೌಸಿನ ಗೋಡೆಗೆ ಪಾಳಿಯ ಪಟ್ಟಿ ಬರೆದು ಅಂಟಿಸಿ, ಅದಕ್ಕೆ ಎಲ್ಲ ತೋಟದವರ ಸಹಿ ಹಾಕಿಸಿ. ಪಂಪು ಚಾಲೂ ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಬರೆಯಲು ಒಂದು ಪುಸ್ತಕವಿರಲಿ. ತಪ್ಪಿದವರು ಮುಂದಿನ ಪಾಳಿಯಲ್ಲಿ ಅಷ್ಟೇ ತಾಸು ಬಿಟ್ಟುಕೊಡುವುದು ಎಂದು ಮೊದಲೇ ಮಾತಾಗಿರಲಿ. ಇಷ್ಟಾದರೆ ಸಿಟ್ಟು ಬರುವ ಸಂದರ್ಭವೇ ಅರ್ಧ ಕಡಿಮೆ. ಒಬ್ಬರ ಮನಸ್ಸಿನೊಳಗೆ ಮಾಡುವ ಕಸರತ್ತಿಗಿಂತ ಗೋಡೆಯ ಮೇಲಿನ ಪಟ್ಟಿ ಎಷ್ಟೋ ಮೇಲು.

ಮೂರನೆಯದು ಗಮನ. ಕೆಸರು ಗುಂಡಿ ಕಂಡ ಮೇಲೆ ಮನೆಗೆ ಬಂದು ಅದನ್ನೇ ನೆನೆಯುತ್ತೀರಿ: ಹೋದ ವರ್ಷವೂ ಹೀಗೇ ಮಾಡಿದ್ದ, ಅವನ ಅಪ್ಪನೂ ಹೀಗೇ. ಸೂಸನ್ ನೋಲೆನ್ ಹೋಕ್ಸೆಮಾ 1991ರಿಂದ ನಡೆಸಿದ ಕೆಲಸ, ಇಂಥ ಮೆಲುಕಿನಿಂದ ಖಿನ್ನತೆ ಆಳವಾಗಿ, ದೀರ್ಘವಾಗುತ್ತದೆ ಎಂದು ತೋರಿಸಿದೆ. ಸಿಟ್ಟಿನ ಮೆಲುಕೂ ಬೇರೆಯಲ್ಲ. ಆಲೋಚನೆ ಯಾವುದು, ಮೆಲುಕು ಯಾವುದು ಎಂದು ತಿಳಿಯಲು ಒಂದು ಸರಳ ಪರೀಕ್ಷೆ: ಹತ್ತು ನಿಮಿಷ ಯೋಚಿಸಿದ ಮೇಲೆ ಮುಂದೆ ಮಾಡುವ ಕೆಲಸವೊಂದು ಕಾಗದದ ಮೇಲೆ ಬರೆಯುವಷ್ಟು ಸ್ಪಷ್ಟವಾಗಿದೆಯೇ? ಇಲ್ಲವಾದರೆ ಅದು ಮೆಲುಕು. ಆಗ ಎದ್ದು ಕೈಗೆ, ಕಣ್ಣಿಗೆ ಕೆಲಸ ಬೇಕಾದ ಏನನ್ನಾದರೂ ಮಾಡಬೇಕು. ಅಡಿಕೆ ಸುಲಿಯುತ್ತ ಕೂತರೆ ಪ್ರಯೋಜನವಿಲ್ಲ, ಆ ಕೆಲಸ ಕೈಗೆ ಎಷ್ಟು ರೂಢಿಯೆಂದರೆ ತಲೆ ಖಾಲಿಯಾಗಿ ಮೆಲುಕಿಗೆ ಇನ್ನಷ್ಟು ಜಾಗ ಸಿಗುತ್ತದೆ. ಲೆಕ್ಕ ಬರೆಯುವುದೋ, ಮಗುವಿಗೆ ಗಣಿತ ಹೇಳಿಕೊಡುವುದೋ ಆದೀತು.

ನಾಲ್ಕನೆಯ ಹಂತ, ಅರ್ಥ ಬದಲಿಸಿ ನೋಡುವುದು. ಸಂಶೋಧಕರು ಹೆಚ್ಚು ಮೆಚ್ಚಿರುವುದು ಇದನ್ನೇ. ಅವನು ಬೇಕೆಂದೇ ಮಾಡಿದ ಎನ್ನುವುದು ನಿಮ್ಮ ಒಂದು ವಿವರಣೆ. ಕರೆಂಟು ಹೋಗಿ ಅವನ ಪಾಳಿ ಹಾಳಾಗಿತ್ತೇ? ಕೆಲಸದವನು ಸ್ವಿಚ್ಚು ಆರಿಸಲು ಮರೆತನೇ? ಇನ್ನೂ ಎರಡು ವಿವರಣೆ ಸೇರಿಸಿ ನೋಡಿದಾಗ ಸಿಟ್ಟಿನ ಬಿಸಿ ಇಳಿಯುತ್ತದೆ, ಕೇಳುವ ದನಿ ಬದಲಾಗುತ್ತದೆ. ಹೀಗೆ ಅರ್ಥ ಬದಲಿಸಿ ನೋಡುವ ರೂಢಿಯಿರುವವರ ಮನಸ್ಸಿನ ಸ್ಥಿತಿ, ಸಂಬಂಧಗಳು ಒಟ್ಟಾರೆ ಚೆನ್ನಾಗಿರುತ್ತವೆ ಎಂದು ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ತೋರಿಸಿದರು.

ಸರಿ, ಆದರೆ ಇದೇ ಹಂತದಲ್ಲಿ ಅತಿ ದೊಡ್ಡ ಮೋಸವೂ ನಡೆಯುತ್ತದೆ. ಪಂಪು ಓಡಿಸಿದವನೂ ಅರ್ಥ ಬದಲಿಸಿಕೊಂಡೇ ಮಲಗಿರುತ್ತಾನೆ: 'ಒಂದು ತಾಸಿನ ನೀರಿಗೆ ಅವರ ತೋಟ ಒಣಗಿ ಹೋಗ್ತಾ?' 'ಅವರೂ ಹೋದ ವರ್ಷ ಮಾಡಿರಲಿಲ್ವಾ?' ತನ್ನ ತಪ್ಪನ್ನು ತನಗೇ ಸರಿ ಎನಿಸಿಕೊಳ್ಳುವ ಇಂಥ ಎಂಟು ದಾರಿಗಳನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಗುರುತಿಸಿದ್ದಾರೆ. ತಪ್ಪಿಗೆ ದೊಡ್ಡ ಉದ್ದೇಶದ ಬಣ್ಣ ಹಚ್ಚುವುದು, ಚೆಂದದ ಹೆಸರು ಕೊಡುವುದು, ಇನ್ನೂ ದೊಡ್ಡ ತಪ್ಪಿನ ಜೊತೆ ಹೋಲಿಸುವುದು, ಹೊಣೆಯನ್ನು ಮೇಲಿನವರ ಮೇಲೆ ಹಾಕುವುದು, ಹತ್ತು ಜನರಲ್ಲಿ ಹಂಚಿಬಿಡುವುದು, ಪರಿಣಾಮವನ್ನು ಸಣ್ಣದು ಮಾಡುವುದು, ಎದುರಿನವರನ್ನು ಮನುಷ್ಯರೆಂದೇ ಎಣಿಸದಿರುವುದು, ಅವರೇ ಇದನ್ನು ತಂದುಕೊಂಡರು ಎನ್ನುವುದು. ಕರಾವಳಿಯಲ್ಲಿ ನಿಷೇಧವಿರುವ ಎಲ್‌ಇಡಿ ದೀಪದ ಮೀನುಗಾರಿಕೆಯ ಮಾತು ಬಂದಾಗ 'ಬೇರೆ ರಾಜ್ಯದ ಬೋಟಿನವರು ಮಾಡುದಿಲ್ವಾ, ನಾವು ಬಿಟ್ರೆ ಅವ್ರು ಹಿಡೀತಾರೆ' ಎಂಬ ಒಂದೇ ವಾಕ್ಯದಲ್ಲಿ ಇವುಗಳಲ್ಲಿ ಕನಿಷ್ಠ ಎರಡು ಅಡಗಿವೆ.

ಅಂದರೆ ಕ್ಷಮಿಸಲು ಬಳಸುವ ಮನಸ್ಸಿನ ಚಲನೆಯೂ, ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಬಳಸುವ ಚಲನೆಯೂ ಒಂದೇ. ಬೇರ್ಪಡಿಸಲು ಎರಡು ಪ್ರಶ್ನೆ ಸಾಕಾಗುತ್ತವೆ. ಈ ಹೊಸ ಅರ್ಥಕ್ಕೆ ಪುರಾವೆ ಇದೆಯೇ, ಅಥವಾ ಹಿತವಾಗಿದೆ ಎಂದಷ್ಟೇ ಒಪ್ಪಿಕೊಂಡೆನೇ? ಇದೇ ಕೆಲಸವನ್ನು ಅವನು ನನಗೆ ಮಾಡಿ, ಇದೇ ವಿವರಣೆ ಕೊಟ್ಟಿದ್ದರೆ ನಾನು ಒಪ್ಪುತ್ತಿದ್ದೆನೇ? ಎರಡನೆಯದಕ್ಕೆ 'ಇಲ್ಲ' ಎಂದು ಉತ್ತರ ಬಂದರೆ, ಆ ಸಮಾಧಾನ ಕಳ್ಳ ಸಮಾಧಾನ.

ಇನ್ನೂ ಒಂದು ಮಿತಿ ಇದೆ. ಆಲಿಸನ್ ಟ್ರಾಯ್, ಅಮಾಂಡಾ ಶಾಲ್ಕ್ರಾಸ್, ಐರಿಸ್ ಮಾಸ್ 2013ರಲ್ಲಿ ಕಂಡುಕೊಂಡಂತೆ, ತಮ್ಮ ಕೈಮೀರಿದ ಕಷ್ಟದಲ್ಲಿರುವವರಿಗೆ ಅರ್ಥ ಬದಲಿಸುವ ಸಾಮರ್ಥ್ಯ ಖಿನ್ನತೆಯಿಂದ ರಕ್ಷಣೆ. ಆದರೆ ಕಷ್ಟ ತಮ್ಮ ಕೈಯಲ್ಲೇ ಇದ್ದಾಗ ಅದೇ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು. ಎರಡು ತಿಂಗಳು ಎಡೆಬಿಡದೆ ಮಳೆ ಸುರಿದು ಅಡಿಕೆಗೆ ಕೊಳೆರೋಗ ಬಂತು, ಅಲ್ಲಿ ಮನಸ್ಸನ್ನು ಸರಿಮಾಡಿಕೊಳ್ಳುವುದೇ ಜಾಣತನ. ನೀರಿನ ಪಾಳಿಯಲ್ಲಿ ಪ್ರತಿ ವಾರ ಮೋಸವಾಗುತ್ತಿದೆ, ಅಲ್ಲಿ 'ಹೋಗ್ಲಿ ಬಿಡು, ನಮ್ಮ ಪ್ರಾಪ್ತಿ' ಎಂದುಕೊಳ್ಳುವುದು ಜಾಣತನವಲ್ಲ. ಹೆಂಡತಿಗೆ, ಸೊಸೆಗೆ, ಕೂಲಿಯವರಿಗೆ 'ಸ್ವಲ್ಪ ಸುಧಾರಿಸ್ಕಳಿ' ಎನ್ನುವ ಉಪದೇಶ ಬಹಳ ಸಲ ಬೀಳುವುದು ಈ ಎರಡನೆಯ ಜಾಗದಲ್ಲಿ. ಬದಲಾಗಬೇಕಾದದ್ದು ಎದುರಿಗಿದ್ದವರ ನಡತೆ, ತಿದ್ದಿಕೊಳ್ಳಬೇಕಾದದ್ದು ಮಾತ್ರ ಇವರ ಮನಸ್ಸು. ಇದನ್ನು ಮನಃಶಾಂತಿ ಎಂದು ಮಾರುವುದು ಅನ್ಯಾಯ.

ಐದನೆಯ ಹಂತಕ್ಕೆ ಬಂದರೆ ಭಾವನೆ ಆಗಲೇ ಮೈಯೆಲ್ಲ ಏರಿರುತ್ತದೆ. ಇಲ್ಲಿ ಅದನ್ನು ಅದುಮಲು ಹೊರಡುವುದು ಅಡಿಕೆಗೆ ಕೊಳೆ ಹತ್ತಿದ ಮೇಲೆ ಬೋರ್ಡೋ ಔಷಧಿ ಹೊಡೆದ ಹಾಗೆ, ಹೊಡೆಯಬೇಕು ನಿಜ, ಆದರೆ ಉದುರುವುದು ಉದುರಿಯೇ ಉದುರುತ್ತದೆ. ಮುಖದಲ್ಲಿ ಏನೂ ತೋರದಂತೆ ಕೂತವರ ಒಳಗಿನ ಅನುಭವ ಕಡಿಮೆಯಾಗುವುದಿಲ್ಲ, ಮೈಯ ಒತ್ತಡ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಎದುರಿನವರು ಹೇಳಿದ ಮಾತಿನ ನೆನಪೂ ಮಸುಕಾಗುತ್ತದೆ ಎಂದು ಜೇನ್ ರಿಚರ್ಡ್ಸ್ ಮತ್ತು ಗ್ರಾಸ್ 2000ದಲ್ಲಿ ತೋರಿಸಿದರು. ಎಮಿಲಿ ಬಟ್ಲರ್ ಅವರ 2003ರ ಪ್ರಯೋಗ ಇನ್ನೂ ಕುತೂಹಲದ್ದು. ಅಪರಿಚಿತ ಹೆಂಗಸರ ಜೋಡಿಗಳಿಗೆ ಕಲಕುವ ಸಿನಿಮಾ ತೋರಿಸಿ ಅದರ ಬಗ್ಗೆ ಮಾತಾಡಲು ಬಿಟ್ಟರು. ಕೆಲವು ಜೋಡಿಗಳಲ್ಲಿ ಒಬ್ಬಳಿಗೆ ಮಾತ್ರ ಗುಟ್ಟಾಗಿ ಭಾವನೆ ತೋರಿಸಬೇಡ ಎಂದು ಹೇಳಲಾಗಿತ್ತು. ರಕ್ತದೊತ್ತಡ ಏರಿದ್ದು ಅವಳದ್ದಷ್ಟೇ ಅಲ್ಲ, ಎದುರು ಕೂತವಳದ್ದೂ.

ಮಾತು ಬಿಟ್ಟ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ, ಅಣ್ಣ ಉಂಡು ಎದ್ದ ಮೇಲೆ ತಮ್ಮ ಬಂದು ಕೂರುತ್ತಾನೆ. ನಡುವೆ ಬಡಿಸುವವರ ಮೈಯಲ್ಲಿ ಆ ಒತ್ತಡ ಶೇಖರವಾಗುತ್ತದೆ. ಹಾಗೆಂದು ಹಿರಿಯರೆದುರು ನಾಲಿಗೆ ಬಿಗಿಹಿಡಿದು, ಆಮೇಲೆ ಸರಿಯಾದ ಹೊತ್ತಿನಲ್ಲಿ ಹೇಳುವ ರೂಢಿಯೆಲ್ಲ ಕಾಯಿಲೆಯಲ್ಲ. ಸಂಯಮಕ್ಕೆ ಬೆಲೆ ಕೊಡುವ ಏಷ್ಯಾದ ಹಿನ್ನೆಲೆಯವರಲ್ಲಿ ಅದುಮಿಡುವುದರ ಕೆಡುಕು ಕಡಿಮೆ ಎಂದೂ ಕಂಡುಬಂದಿದೆ. ಹೇಳಲಿಕ್ಕೆ ಮುಂದೆ ಒಂದು ಹೊತ್ತು ಇದೆಯೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾದರೆ ಕಾರಿಕೊಂಡುಬಿಟ್ಟರೆ? ಅದೂ ಕೆಲಸ ಮಾಡುವುದಿಲ್ಲ. ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಎಲ್ಲರಿಗಿಂತ ಹೆಚ್ಚಾಗಿತ್ತು, ಕಡಿಮೆ ಆಕ್ರಮಣ ತೋರಿದ್ದು ಎರಡು ನಿಮಿಷ ಸುಮ್ಮನೆ ಕೂತವರು. ಗೂಡಂಗಡಿಯ ಎದುರು ಅದೇ ಕತೆಯನ್ನು ನಾಲ್ಕು ಜನರಿಗೆ ನಾಲ್ಕು ಸಲ ಹೇಳುವುದು, ಊರಿನ ವಾಟ್ಸಾಪ್ ಗುಂಪಿಗೆ ರಾತ್ರಿ ಹನ್ನೊಂದಕ್ಕೆ ಧ್ವನಿ ಸಂದೇಶ ಹಾಕುವುದು ಇದೇ ಜಾತಿಯವು. ಹೇಳಿದಷ್ಟು ಸಲವೂ ಕತೆಗೆ ಮಸಾಲೆ ಸೇರುತ್ತದೆ, ಕೇಳಿದವರೆದುರು ಮುಂದೆ ಹಿಂದೆ ಸರಿಯಲೂ ಆಗುವುದಿಲ್ಲ.

ಐದನೆಯ ಹಂತದಲ್ಲಿ ನಿಜವಾಗಿ ನೆರವಾಗುವವು ಬಹಳ ಸಾದಾ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಮೂಗಿನಿಂದ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷಕ್ಕೆ ಮೂವತ್ತು. ತಲೆ ಹಗುರಾಗಿ ತಿರುಗಿದ ಹಾಗಾದರೆ ಉಸಿರು ನಿಧಾನವಾಗಿದ್ದರೂ ಬೇಕಾದ್ದಕ್ಕಿಂತ ಆಳವಾಗಿದೆ ಎಂದರ್ಥ, ಸಣ್ಣದು ಮಾಡಿ. ಜೊತೆಗೆ ಭಾವನೆಗೆ ನಿಖರವಾದ ಹೆಸರು ಕೊಡುವುದು. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಕಂಡ ಭಾವನೆಗೆ ಹೆಸರು ಕೊಟ್ಟಾಗ ಭಯ ಕೆರಳಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. 'ಬೇಜಾರಾಗಿದೆ' ಎಂದು ನಿಲ್ಲಿಸದೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ಅವಮಾನವೇ, ಹೊಟ್ಟೆಕಿಚ್ಚೇ, ಹೆದರಿಕೆಯೇ, ದಣಿವೇ? ಪ್ರತಿಯೊಂದಕ್ಕೂ ಬೇಕಾದ ಮುಂದಿನ ಕೆಲಸ ಬೇರೆ.

ಬರೆಯುವುದೂ ಆಗಬಹುದು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪರೀಕ್ಷಿಸಿದ ಕ್ರಮದಲ್ಲಿ ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ ಬರೆಯುವುದಿತ್ತು. ಕಾಗದದ ಮೇಲೆ ಬರೆಯಿರಿ, ಫೋನಿನಲ್ಲಿ ಬೇಡ, ಬೆರಳು ತಪ್ಪಿ ಯಾರಿಗೋ ಹೋದೀತು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ, ಆದ್ದರಿಂದ ಮಲಗುವ ಹೊತ್ತಿಗೆ ಬೇಡ. ಮೂರನೆಯ ದಿನವೂ ಮೊದಲ ದಿನದ ವಾಕ್ಯಗಳೇ ಬರುತ್ತಿದ್ದರೆ ನಿಲ್ಲಿಸಿ, ಅದು ಮತ್ತೆ ಮೆಲುಕಾಗಿದೆ.

ಇನ್ನು ಇಳಿಸಬಾರದ ಭಾವನೆಗಳ ಮಾತು. ಮೊದಲನೆಯದು ತಪ್ಪು ಮಾಡಿದೆನೆಂಬ ಅಳುಕು. ಇದನ್ನು ನಾಚಿಕೆಯಿಂದ ಬೇರ್ಪಡಿಸಿದ್ದು ಹೆಲೆನ್ ಬ್ಲಾಕ್ ಲೂಯಿಸ್, 1971ರಲ್ಲಿ. ಜೂನ್ ಟ್ಯಾಂಗ್ನಿ ಅದನ್ನು ದಶಕಗಳ ಕಾಲ ಅಳೆದು ನೋಡಿದರು. ನಾಚಿಕೆಯ ಕಣ್ಣು 'ನಾನು ಎಂಥವನು' ಎಂಬುದರ ಮೇಲೆ, ಅಳುಕಿನ ಕಣ್ಣು 'ನಾನು ಏನು ಮಾಡಿದೆ' ಎಂಬುದರ ಮೇಲೆ. ನಾಚಿಕೆಗೆ ಬೇಗ ಈಡಾಗುವವರಲ್ಲಿ ಖಿನ್ನತೆ ಹೆಚ್ಚು, ಸಿಟ್ಟು ಹೆಚ್ಚು, ಇತರರನ್ನು ದೂರುವುದೂ ಹೆಚ್ಚು. ಬರೀ ಅಳುಕು ಇರುವವರಲ್ಲಿ ಸರಿಪಡಿಸುವ ಪ್ರವೃತ್ತಿ, ಪರರ ನೋವು ಅರಿಯುವ ಶಕ್ತಿ ಹೆಚ್ಚು.

ಹೊನ್ನಾವರದ ಕಡೆಯ ಬಂದರಿನಲ್ಲಿ ಒಬ್ಬ ಬೋಟ್ ಮಾಲೀಕ ಇದ್ದಾನೆ ಎಂದುಕೊಳ್ಳಿ. ಮಾರಾಟದ ಹಣದಲ್ಲಿ ಡೀಸೆಲ್, ಐಸಿನ ಖರ್ಚು ಕಳೆದು ಉಳಿದದ್ದು ಮಾಲೀಕನಿಗೂ ಬೋಟಿನಲ್ಲಿ ದುಡಿಯುವ ಖಲಾಸಿಗಳಿಗೂ ಪಾಲಾಗುತ್ತದೆ. ಇವನು ಡೀಸೆಲ್ ಲೆಕ್ಕ ಹೆಚ್ಚು ಬರೆದಿದ್ದಾನೆ. ಮಳೆಗಾಲದ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಬೋಟು ದಡದಲ್ಲಿ. ಖಲಾಸಿಗಳ ಮನೆಯಲ್ಲಿ ಕೈಸಾಲ. ಅವರಲ್ಲೊಬ್ಬ ಎದುರು ಸಿಕ್ಕಾಗ ಮಾಲೀಕನ ಹೊಟ್ಟೆಯಲ್ಲಿ ಏನೋ ಮಿಸುಕುತ್ತದೆ. 'ನಾನು ಇಷ್ಟು ಕೆಟ್ಟವನಾ' ಎಂಬ ನಾಚಿಕೆಯ ದಾರಿ ಹಿಡಿದರೆ ಅವನು ಆ ಖಲಾಸಿಯನ್ನು ಕಂಡರೆ ದಾರಿ ತಪ್ಪಿಸುತ್ತಾನೆ, ಮುಂದಿನ ಸೀಸನ್ನಿಗೆ ಅವನನ್ನು ಕರೆಯುವುದೂ ಇಲ್ಲ, 'ಅವ ಕುಡುಕ, ಕೊಟ್ರೂ ಉಳಿಸೂದಿಲ್ಲ' ಎನ್ನತೊಡಗುತ್ತಾನೆ. 'ಲೆಕ್ಕ ತಪ್ಪು ಬರೆದೆ' ಎಂಬ ಅಳುಕಿನಲ್ಲೇ ಕೂರಲು ಸಾಧ್ಯವಾದರೆ ಲೆಕ್ಕ ತಿದ್ದುವ ದಾರಿ ಕಾಣುತ್ತದೆ.

ಇಲ್ಲಿ ಭಾವನೆಯ ನಿರ್ವಹಣೆ ಎಂದರೆ ಅಳುಕನ್ನು ಕರಗಿಸುವುದಲ್ಲ, ನಾಚಿಕೆಯ ಪ್ರವಾಹವನ್ನು ಅಳುಕಿನ ಗಾತ್ರಕ್ಕೆ ಇಳಿಸುವುದು. ಅದಕ್ಕಿಂತ ಕೆಳಗೆ ಇಳಿಸಬಾರದು. ದೇವಸ್ಥಾನಕ್ಕೆ ತಪ್ಪುಕಾಣಿಕೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ನಂಬಿದವರು ಹಾಕಲಿ, ಆದರೆ ಖಲಾಸಿಯ ಕೈಗೆ ಹಣ ಮುಟ್ಟಿದ ಮೇಲೆ. ಮೊದಲೇ ಹಾಕಿದರೆ ಅಳುಕು ಇಳಿಯುತ್ತದೆ, ಸಾಲ ಹಾಗೆಯೇ ಉಳಿಯುತ್ತದೆ.

ಕ್ಷಮೆ ಕೇಳುವುದಕ್ಕೂ ಅಳತೆ ಇದೆ. ರಾಯ್ ಲೆವಿಕಿ ತಂಡ 2016ರಲ್ಲಿ ಕ್ಷಮಾಪಣೆಯ ಆರು ಭಾಗಗಳನ್ನು ಪರೀಕ್ಷಿಸಿತು: ವಿಷಾದ, ಏನಾಯಿತೆಂಬ ವಿವರಣೆ, ತಪ್ಪು ನನ್ನದೆಂಬ ಒಪ್ಪಿಗೆ, ಪಶ್ಚಾತ್ತಾಪ, ಸರಿಪಡಿಸುವ ಮಾತು, ಕ್ಷಮಿಸಿ ಎಂಬ ಬೇಡಿಕೆ. ಹೆಚ್ಚು ತೂಗಿದ್ದು ಒಪ್ಪಿಗೆ, ಅದರ ಹಿಂದೆ ಸರಿಪಡಿಸುವ ಮಾತು. ಎಲ್ಲಕ್ಕಿಂತ ಹಗುರವಾಗಿದ್ದು ಕ್ಷಮಿಸಿ ಎಂಬ ಬೇಡಿಕೆ, ನಾವು ಮೊದಲು ಹೇಳುವುದೇ ಅದನ್ನು. ಮಾಲೀಕನ ಮಾತು ಹೀಗಿರಬಹುದು: 'ಮೇ ತಿಂಗಳ ಲೆಕ್ಕದಲ್ಲಿ ಡೀಸೆಲ್ ನಲವತ್ತು ಸಾವಿರ ಹೆಚ್ಚು ಬರ್ದಿದ್ದೆ. ತಪ್ಪು ನಂದು. ನಿನ್ನ ಪಾಲಿಗೆ ಬರೂದು ಇಷ್ಟು. ಅರ್ಧ ಈಗ ತಕ, ಉಳಿದದ್ದು ಆಗಸ್ಟ್ ಹದಿನೈದರ ಒಳಗೆ.' ಇದರಲ್ಲಿ 'ಆದರೆ' ಇಲ್ಲ, 'ನಿಂಗೆ ಬೇಜಾರಾಗಿದ್ರೆ' ಇಲ್ಲ. ಮೊತ್ತ ಇದೆ, ದಿನ ಇದೆ. ಹೇಳಿದ ಮೇಲೆ ಆತ ಬಯ್ದರೆ ಕೇಳಿಸಿಕೊಳ್ಳಬೇಕು. ಆ ಐದು ನಿಮಿಷ ಓಡಿಹೋಗದೆ ನಿಲ್ಲಲು ನಿಧಾನದ ಉಸಿರು ಬೇಕಾಗುತ್ತದೆ. ಉಸಿರಾಟಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

ತಪ್ಪಿಲ್ಲದ ಅಳುಕೂ ಉಂಟು. ಸಿರಸಿ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಈಗ ಅಪ್ಪಯ್ಯ, ಆಯಿ ಇಬ್ಬರೇ. ಬೆಂಗಳೂರಿನಲ್ಲಿರುವ ಮಗನಿಗೆ ಅಳುಕು, ಆ ಅಳುಕು ಫೋನಿನಲ್ಲಿ ಸಿಟ್ಟಾಗಿ ಹೊರಬೀಳುತ್ತದೆ: 'ಮಾತ್ರೆ ತಗಳಿ ಹೇಳಿ ಎಷ್ಟು ಸಲ ಹೇಳಕು?' ಇಂಥಲ್ಲಿ ಕೇಳಿಕೊಳ್ಳಬೇಕಾದದ್ದು: ಇದು ನನ್ನ ಹೊಣೆಯೇ, ನನ್ನ ಕೈಯಲ್ಲಿ ಇತ್ತೇ, ಗೊತ್ತಿದ್ದೂ ಬಿಟ್ಟೆನೇ? ಮೂರಕ್ಕೂ ಹೌದು ಎಂಬ ಉತ್ತರ ಬಂದ ಅಂಶ ಎಷ್ಟಿದೆಯೋ ಅಷ್ಟಕ್ಕೆ ಕೆಲಸ ಗೊತ್ತುಮಾಡಿ, ವಾರದ ಮಾತ್ರೆ ಡಬ್ಬಿಯೋ, ಔಷಧಿ ಅಂಗಡಿಯವರ ಜೊತೆ ಒಪ್ಪಂದವೋ. ಉಳಿದದ್ದು ದುಃಖ. ದುಃಖಕ್ಕೆ ಪ್ರಾಯಶ್ಚಿತ್ತ ಬೇಕಿಲ್ಲ, ಜೊತೆ ಬೇಕು.

ಇಳಿಸಬಾರದ ಎರಡನೆಯದು ಪರರ ನೋವಿಗೆ ಮರುಗುವುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಗಂಗಾವಳಿ ನದಿಯ ದಡದ ಚಿತ್ರಗಳು ವಾರಗಟ್ಟಲೆ ಎಲ್ಲರ ಫೋನಿನಲ್ಲಿ ಓಡಾಡಿದವು. ಮೊದಲ ದಿನ ಎದೆ ಕಲಕುತ್ತದೆ, ಹತ್ತನೆಯ ದಿನ ಬೆರಳು ಸರಿಸಿ ಮುಂದೆ ಹೋಗುತ್ತದೆ. ಡ್ಯಾರಿಲ್ ಕ್ಯಾಮರಾನ್ ಮತ್ತು ಕೀತ್ ಪೇನ್ 2011ರಲ್ಲಿ ತೋರಿಸಿದ ಪ್ರಕಾರ, ನೊಂದವರ ಸಂಖ್ಯೆ ಹೆಚ್ಚಾದಂತೆ ಕರುಣೆ ಕುಸಿಯುವುದಕ್ಕೆ ಒಂದು ಕಾರಣ, ಜನ ತಮ್ಮ ಭಾವನೆಯನ್ನು ಮೊದಲೇ ತಗ್ಗಿಸಿಕೊಳ್ಳುವುದು. ಅದರಲ್ಲೂ ಭಾವನೆ ನಿಯಂತ್ರಿಸುವುದರಲ್ಲಿ ಪಳಗಿದವರಲ್ಲೇ ಈ ಕುಸಿತ ಕಂಡಿತು.

ತಗ್ಗಿಸಿಕೊಳ್ಳದಿದ್ದರೂ ಕಷ್ಟ. ನೋವು ಕಂಡು ತನಗೇ ಸಂಕಟವಾದವರು ಓಡಿಹೋಗಲು ದಾರಿ ಸಿಕ್ಕರೆ ಹೋಗುತ್ತಾರೆ, ನೊಂದವರ ಕಡೆ ಗಮನವಿದ್ದವರು ನಿಲ್ಲುತ್ತಾರೆ ಎಂದು ಡೇನಿಯಲ್ ಬ್ಯಾಟ್ಸನ್ 1981ರಲ್ಲೇ ತೋರಿಸಿದ್ದರು. ಆದ್ದರಿಂದ ಕಡಿಮೆ ಮಾಡಬೇಕಾದದ್ದು ನನ್ನ ಸಂಕಟವನ್ನು, ಅವರ ಮೇಲಿನ ಕಾಳಜಿಯನ್ನಲ್ಲ. ವೀಡಿಯೊ ನೋಡುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿ, ಒಂದು ಮನೆಗೆ ಆಗುವ ಒಂದು ಕೆಲಸ ಆರಿಸಿ: ಪರಿಹಾರದ ಅರ್ಜಿಗೆ ಬೇಕಾದ ಕಾಗದ ಹೊಂದಿಸುವುದು, ಮಗುವಿನ ಶಾಲೆಯ ಶುಲ್ಕ. ಮೂರನೆಯ ತಿಂಗಳಲ್ಲಿ, ಕ್ಯಾಮೆರಾಗಳೆಲ್ಲ ಹೋದ ಮೇಲೆ ಮಾಡುವ ಸಹಾಯಕ್ಕೆ ಬೆಲೆ ಹೆಚ್ಚು. ಅದಕ್ಕೆ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು, ಯಾಕೆಂದರೆ ಭಾವನೆ ಅಷ್ಟು ದಿನ ಕಾಯುವುದಿಲ್ಲ.

ಮೂರನೆಯದು ಅನ್ಯಾಯ ಕಂಡಾಗಿನ ಸಿಟ್ಟು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದರ ಒಳ್ಳೆಯ ಚರಿತ್ರೆಯೇ ಇದೆ. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅದರ ಬೆನ್ನಿಗೇ ಅಂಕೋಲಾ, ಸಿರಸಿ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದು ಜಮೀನು ಕಳೆದುಕೊಂಡರು. 1983ರ ಸೆಪ್ಟೆಂಬರಿನಲ್ಲಿ ಸಿರಸಿ ಸಮೀಪದ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಇವರಾರೂ ಸಿಟ್ಟಿಲ್ಲದವರಲ್ಲ. ಸಿಟ್ಟಿಗೆ ಮೊದಲೇ ಒಂದು ಕೆಲಸ ಗೊತ್ತುಮಾಡಿದ್ದರು: ಕೊಡಲಿಯವನ ಮೈ ಮುಟ್ಟುವುದಿಲ್ಲ, ಮರ ಬಿಡುವುದಿಲ್ಲ. 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಮೊದಲೇ ನಿರ್ಧರಿಸಿಕೊಂಡವರು ಬಿಸಿ ಹೊತ್ತಿನಲ್ಲೂ ಅದರಂತೆ ನಡೆಯುವ ಸಾಧ್ಯತೆ ಹೆಚ್ಚು ಎಂದು ಪೀಟರ್ ಗೊಲ್‌ವಿಟ್ಜರ್ 1999ರಲ್ಲಿ ಬರೆದದ್ದು ಇದೇ ಸಂಗತಿ. ಗ್ರಾಮಸಭೆಗೆ ಹೋಗುವಾಗಲೂ ಇದು ಆದೀತು: 'ಅವರು ನನ್ನ ಮನೆತನದ ಮಾತು ತೆಗೆದರೆ, ನಾನು ಪಹಣಿ ಎದುರಿಗಿಟ್ಟು ಅದೇ ಪ್ರಶ್ನೆ ಮತ್ತೆ ಕೇಳುತ್ತೇನೆ.' ಒಂದೇ ವಾಕ್ಯ ಸಾಕು. ಐದು ಯೋಜನೆ ಮಾಡಿಕೊಂಡು ಹೋದವರಿಗೆ ಅಲ್ಲಿ ಒಂದೂ ನೆನಪಾಗುವುದಿಲ್ಲ.

ಕುಡಿತದ ಬಗ್ಗೆ ಒಂದು ಮಾತು. ಭಾವನೆ ತಗ್ಗಿಸಲು ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಅದೇ. ಸಂಕಟದ ಜೊತೆಗೆ ಅಳುಕನ್ನೂ, ತಡೆಯುವ ಬುದ್ಧಿಯನ್ನೂ ಅದು ತಗ್ಗಿಸುತ್ತದೆ, ಕೈ ಎತ್ತುವುದು ಸುಲಭವಾಗುತ್ತದೆ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ 6ರಿಂದ 48 ತಾಸಿನೊಳಗೆ ಅಪಸ್ಮಾರ ಬರಬಹುದು, ಎರಡು ಮೂರು ದಿನಕ್ಕೆ ನಡುಕ, ಭ್ರಮೆ ಶುರುವಾಗಬಹುದು, ಅದು ಪ್ರಾಣಕ್ಕೇ ಬರಬಹುದು. ಬಿಡಿಸುವುದಾದರೆ ವೈದ್ಯರ ಎದುರಲ್ಲೇ ಆಗಬೇಕು. ಹಾಗೆಯೇ ಎರಡು ವಾರ ದಾಟಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ಮೇಲೆ ಹೇಳಿದ ಯಾವ ಉಪಾಯವೂ ಸಾಲದು. ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು, ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಗಾಢ ಖಿನ್ನತೆಯಲ್ಲಿ ಅಳುಕು ಅಳತೆ ಮೀರಿರುತ್ತದೆ, ಮಾಡದ ತಪ್ಪಿಗೂ ಶಿಕ್ಷೆ ಕೇಳುತ್ತದೆ. ಅಲ್ಲಿ ನೀತಿಯ ಮಾತು ಬೇಡ, ಚಿಕಿತ್ಸೆ ಬೇಕು.

ಇದೆಲ್ಲ ಕಲಿಯಲು ಒಳ್ಳೆಯ ವಯಸ್ಸು ಚಿಕ್ಕಂದು. ಅಕ್ಕ ತಮ್ಮನಿಗೆ ಹೊಡೆದಳು ಎಂದಿಟ್ಟುಕೊಳ್ಳಿ. ಮೊದಲು ಇಬ್ಬರನ್ನೂ ಬೇರೆ ಮಾಡಿ, ಅಳು ಇಳಿಯುವವರೆಗೆ ಯಾವ ಉಪದೇಶವೂ ಬೇಡ, ಆ ಹೊತ್ತಿನಲ್ಲಿ ಅದು ಕಿವಿಗೆ ಹೋಗುವುದಿಲ್ಲ. ಆಮೇಲೆ ಭಾವನೆಗೆ ಹೆಸರು: 'ನೀ ಕಟ್ಟಿದ್ದನ್ನ ಅಂವ ಕೆಡಗಿದ್ದಕ್ಕೆ ಸಿಟ್ಟು ಬಂತು ಅಲ್ದಾ?' ಅದರ ನಂತರವೇ ತಮ್ಮನ ನೋವಿನ ಕಡೆ: 'ಅವನ ಕೈ ನೋಡು, ಕೆಂಪಾಯ್ದು.' ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತೆಂದು ತೋರಿಸಿ ತಿದ್ದುವುದು, ಹೊಡೆದು ಬೆದರಿಸಿ ತಿದ್ದುವುದಕ್ಕಿಂತ ಆಳಕ್ಕಿಳಿಯುತ್ತದೆ ಎಂಬುದು ಮಾರ್ಟಿನ್ ಹಾಫ್‌ಮನ್ ಅವರ ಜೀವಮಾನದ ಕೆಲಸ. 'ಸಾರಿ ಹೇಳು' ಎಂದು ಒತ್ತಾಯಿಸಿದರೆ ಮಗು ಹೇಳುತ್ತದೆ, ನೆಲ ನೋಡಿಕೊಂಡು. ಅದರ ಬದಲು ಏನು ಮಾಡಿದರೆ ತಮ್ಮನಿಗೆ ಸರಿಯಾದೀತು ಎಂದು ಅವಳನ್ನೇ ಕೇಳಿ, ಅವಳು ಹೇಳಿದ್ದು ನಿಮಗೆ ಸಣ್ಣದೆನಿಸಿದರೂ ಅದನ್ನೇ ಮಾಡಲು ಬಿಡಿ. ಕೆಡಗಿದ್ದಕ್ಕೆ ತಮ್ಮನೂ ಏನಾದರೂ ಮಾಡಬೇಕಾಗುತ್ತದೆ, ಸಣ್ಣವನೆಂದು ಅವನನ್ನು ಬಿಟ್ಟುಬಿಡಬೇಡಿ.